ಕುಬಸದ ಮೂರನೆಯ ಪಟ್ಟೆ

ಸಹೃದಯ ವಾಚಕ ಮಹಾಶಯರಲ್ಲಿ ಸವಿನಯ ವಿಜ್ಞಾಪನೆ. ಪ್ರಸ್ತುತ ಕಥೆಯನ್ನು ಓದಲು ತಮಗೆ ರಸಾಯನಶಾಸ್ತ್ರದ ಪರಿಚಯವಿರಬೇಕೆಂಬ ನಿರ್ಬಂಧವಿಲ್ಲ. ರವಿಕೆಗೆಂದು ನೇಯುವ ಗುಳೇದಗುಡ್ಡದ ಖಣವೊಂದನ್ನು ಎಂದಾದರೂ ಕೈಯಲ್ಲಿ ಹಿಡಿದು, ಅದರ ಅಂಚನ್ನು ಬೆರಳಿನಿಂದ ಸವರಿ ನೋಡಿದ್ದರೆ ಅಷ್ಟೇ ಸಾಕು. ತೊಡುವ ಬಟ್ಟೆಯೇ ವೈದ್ಯನಾಗಿ ನಿಂತರೆ ಏನಾದೀತು ಎಂಬುದು ಇಲ್ಲಿಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಹೋದವಳು ದಾಕ್ಷಾಯಣಿ ಎಂಬ ಸಂಶೋಧಕಿ. ಕಥೆಗಾರನು ಅವಳ ಬೆನ್ನ ಹಿಂದೆ ನಿಂತು ನೋಡಿದ್ದನ್ನು ನಿವೇದಿಸುವವನು ಮಾತ್ರ. ತಾವು ದಯಮಾಡಿ ಆಸೀನರಾಗಬೇಕು.

ಗುಳೇದಗುಡ್ಡದ ಹೊರಗೆ, ಕಲ್ಲುಗುಡ್ಡಕ್ಕೆ ಬೆನ್ನು ಕೊಟ್ಟು ನಿಂತಿದ್ದ ಸಂಶೋಧನಾ ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಹತ್ತು ಪರದೆಗಳಿದ್ದವು. ಪ್ರತಿಯೊಂದರ ಕೆಳಗೂ ಒಬ್ಬೊಬ್ಬ ಹೆಣ್ಣುಮಗಳ ಹೆಸರು. ಎಲ್ಲರೂ ಐವತ್ತು ದಾಟಿದವರು, ಎಲ್ಲರೂ ಎದೆಯ ಕ್ಯಾನ್ಸರಿನವರು. ಒಂಬತ್ತು ಪರದೆಗಳು ಹಸಿರಾಗಿದ್ದವು. ಶಂಕ್ರವ್ವನ ಪರದೆ ಮಾತ್ರ ಬೆಳಗಿನಿಂದ ಕೆಂಪಗೆ ಉರಿಯುತ್ತಿತ್ತು.

"ಅಕ್ಕಾರ, ಎರಡನೇ ಪಟ್ಟೆನೂ ತೆರದ ಬಿಡ್ತ್ರಿ" ಎಂದ ಯಂತ್ರಗಳ ಮುಂದೆ ಕುಳಿತಿದ್ದ ಮೌಲಾಸಾಬ. ಮಾತಿಗೊಮ್ಮೆ ನಗೆಚಟಾಕಿ ಹಾರಿಸುವ ಅವನ ದನಿಯಲ್ಲಿ ಈ ಹೊತ್ತು ನಗೆಯಿರಲಿಲ್ಲ.

ದಾಕ್ಷಾಯಣಿ ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಕುಳಿತಳು.

ಪಟ್ಟೆ ತೆರೆಯುವುದೆಂದರೇನು ಎಂಬುದನ್ನು ವಾಚಕರಿಗೆ ಇಲ್ಲಿಯೇ ಅರಿಕೆ ಮಾಡಿಕೊಳ್ಳಬೇಕು. ಗುಡ್ಡದ ಇಳಿಜಾರಿನಲ್ಲಿ ಯಾರೂ ಬಿತ್ತದೆ ಬೆಳೆಯುವ ತಂಗಡಿ ಗಿಡದ ಎಲೆಯನ್ನು ಕುದಿಸಿ, ಸೋಸಿ, ಆ ಕಷಾಯಕ್ಕೆ ಸತುವಿನ ಲವಣ ಬೆರೆಸಿ ಹದವಾಗಿ ಕಾಯಿಸಿದರೆ ಸತುವಿನ ಆಕ್ಸೈಡಿನ ನ್ಯಾನೊ ಕಣಗಳು ಹುಟ್ಟುತ್ತವೆ. ಒಂದು ಕೂದಲೆಳೆಯ ದಪ್ಪದಲ್ಲಿ ಅಂಥವು ಸಾವಿರಾರು ಸಾಲುಗಟ್ಟಿ ನಿಂತಾವು. ಎಲೆಯ ಸತ್ವವೇ ಒಂದೊಂದು ಕಣಕ್ಕೂ ತೆಳ್ಳನೆಯ ಹೊದಿಕೆಯಾಗಿ ಕೂರುತ್ತದೆ. ಈ ಕಣಗಳನ್ನು ಹೊಕ್ಕಿನ ನೂಲಿಗೆ ಹಿಡಿಸಿ ಖಣ ನೇಯ್ದು, ಕುಬಸ, ಅಂದರೆ ರವಿಕೆ, ಹೊಲಿಸಿ ತೊಟ್ಟರೆ, ಅವು ಬೆವರಿನೊಡನೆ ಚರ್ಮವನ್ನು ದಾಟಿ ಮೈಯೊಳಗೆ ಇಳಿಯುತ್ತವೆ. ನೆಮ್ಮದಿಯಿಂದಿರುವ ಜೀವಕೋಶವನ್ನು ಅವು ಕೆಣಕುವುದಿಲ್ಲ. ಆದರೆ ಬಿಸಿಯೇರಿ, ಹುಳಿಯೇರಿ, ಅವಸರದಿಂದ ಒಡೆದು ಬೆಳೆಯುವ ರೋಗದ ಕೋಶವನ್ನು ಹೊಕ್ಕರೆ ಅಲ್ಲಿಯೇ ಕರಗಿ, ಅದನ್ನು ಒಳಗಿನಿಂದ ಕೊಲ್ಲುತ್ತವೆ.

ಎದೆಯ ಮೇಲೆ ಬರುವಂತೆ ಖಣದಲ್ಲಿ ಮೂರು ಹಸಿರು ಪಟ್ಟೆಗಳನ್ನು ನೇಯಿಸಿದ್ದರು. ಅಡಿಯ ಮೈ ಬಿಸಿಯಾಗಿ, ಬೆವರು ಹುಳಿಯಾಗಿ, ಅವೆರಡೂ ಗೊತ್ತುಪಡಿಸಿದ ಮಟ್ಟವನ್ನು ಮುಟ್ಟಿದೊಡನೆ ಪಟ್ಟೆಯೊಂದು ತನ್ನ ಕಣಗಳನ್ನು ಬಿಟ್ಟುಕೊಟ್ಟು ಬೂದಿಬಣ್ಣಕ್ಕೆ ತಿರುಗುತ್ತಿತ್ತು. ಮೊದಲೆರಡು ಪಟ್ಟೆಗಳಲ್ಲಿ ಇದ್ದದ್ದು ರುಚಿ ನೋಡುವಷ್ಟು. ಮೂರನೆಯದರಲ್ಲಿ ಇದ್ದದ್ದು ಯುದ್ಧಕ್ಕೆ ಬೇಕಾಗುವಷ್ಟು. ಅಂಚಿನಲ್ಲಿದ್ದ ಲೋಹದ ಎಳೆ ನಾಡಿ, ಬಿಸಿ, ಬೆವರುಗಳನ್ನು ಅಳೆದು, ಕೊರಳ ಗುಂಡಿಯ ಮೂಲಕ ಹತ್ತಿರದ ಮೊಬೈಲ್ ಟವರಿಗೆ ಕಳಿಸುತ್ತಿತ್ತು. ಆ ಸೀಮೆಯಲ್ಲಿ ಕರೆಂಟೂ ಸಿಗ್ನಲ್ಲೂ ಹೇಳದೆ ಕೇಳದೆ ಹೋಗುವುದರಿಂದ, ಪಟ್ಟೆ ತೆರೆಯುವ ನಿರ್ಧಾರವನ್ನು ಬಟ್ಟೆಗೇ ಬಿಟ್ಟಿದ್ದರು. ಬಟ್ಟೆಯಿಂದ ಕೋಣೆಗೆ ವರದಿ ಬರುತ್ತಿತ್ತು. ಕೋಣೆಯಿಂದ ಬಟ್ಟೆಗೆ ಆಜ್ಞೆ ಹೋಗುತ್ತಿರಲಿಲ್ಲ. ಕೇಂದ್ರದ ಮುಖ್ಯಸ್ಥರಾದ ಡಾಕ್ಟರ್ ವಾದಿರಾಜ ಕಟ್ಟಿಯವರು ಇದನ್ನು ಸಭೆ ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದರು.

"ಗಂಟು ಬೆಳೀಲಿಕ್ಕತ್ತದ" ಎಂದರು ಕಟ್ಟಿಯವರು, ಕನ್ನಡಕವನ್ನು ಹಣೆಗೇರಿಸಿ. "ಇಷ್ಟು ದಿನ ತೊಡದ ಇಟ್ಟಿದ್ದ ಖಣ ಇವತ್ತು ತೊಟ್ಟಕೂಡಲೆ ಎರಡು ಪಟ್ಟೆ ಬಿಟ್ಟದಂದ್ರ ರೋಗ ಜೋರಾಗೇದ. ಇರಲಿ, ಮೂರನೇದು ತೆರೀಲಿ, ಅದಕ್ಕಂತನ ಇಟ್ಟೇವಿ. ಹತ್ತರಾಗ ಒಂಬತ್ತು ಮಂದಿ ಗುಣಾ ಆಗ್ಯಾರ, ಇನ್ನೇನು ಬೇಕು? ಪ್ರಕಟಣೆ ನಾಳೆ ಕಳಸಿಬಿಡೋಣ."

"ಸರ್, ಈ ನಾಡಿ ನೋಡ್ರಿ. ಖಣ ಹಂಚಿದಾಗ ನಾ ಹಿಡಿದು ನೋಡಿದ್ದೆ, ಶಂಕ್ರವ್ವಂದು ಇಷ್ಟು ಚುರುಕಿರಲಿಲ್ಲ. ಮ್ಯಾಲ ಇನ್ನೊಂದು ಸಣ್ಣ ಅಲೆ ಬರಾಕತ್ತೈತಿ."

"ಅದು ಗದ್ದಲರಿ ಅಕ್ಕಾರ, ಯಂತ್ರನ ಅದನ್ನ ಸೋಸಿ ಒಗೀತೈತಿ" ಎಂದ ಮೌಲಾಸಾಬ. "ಆದ್ರ ಇನ್ನೊಂದು ಮಾತ್ರಿ. ಇದು ಗುಳೇದಗುಡ್ಡದ ಟವರ್ ಅಲ್ಲ. ಕೆರೂರಿಂದ ಬರಾಕತ್ತೈತಿ."

"ಬೀಗರ ಮನೀಗೆ ಹೋಗಿರಬೇಕು, ಅದರಾಗೇನದ?" ಎಂದು ಕಟ್ಟಿಯವರು ಕೈ ಝಾಡಿಸಿದರು.

ಶಂಕ್ರವ್ವನ ಮೊಬೈಲು ಹತ್ತಲಿಲ್ಲ. ಕೆರೂರಿನಲ್ಲಿ ಯಾರ ಮನೆಗೆ ಹೋಗಿದ್ದಾಳೆಂದು ಅವಳ ಗಂಡನನ್ನು ಕೇಳಿ ಬರುವುದಾಗಿ ಹೇಳಿ, ದಾಕ್ಷಾಯಣಿ ಕೇಂದ್ರದ ಜೀಪು ಹತ್ತಿದಳು.

ದಾರಿಯಲ್ಲಿ ಅವಳಿಗೆ ಖಣ ಹಂಚಿದ ದಿನದ ನೆನಪಾಯಿತು. ಆ ದಿನ ಹತ್ತೂ ಹೆಂಗಸರು ಹಿಂದೆ ಸರಿದು ನಿಂತಿದ್ದರು. "ಔಷಧದ ಅರಿವಿ ನಮಗ ಬ್ಯಾಡ್ರಿ, ಮಂದಿ ಏನಂದಾರು" ಎಂದಿದ್ದರು. ಕಟ್ಟಿಯವರ ಭಾಷಣ ಅವರನ್ನು ಒಂದಂಗುಲವೂ ಅಲುಗಿಸಲಿಲ್ಲ. ಆಗ ದಾಕ್ಷಾಯಣಿ ಚಾಪೆ ಹಾಸಿ, ಅವರನ್ನು ಸಾಲಾಗಿ ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಎಲೆಯಡಿಕೆಗಳ ಮೇಲೆ, ಕೊರಳ ಗುಂಡಿ ಮೊದಲೇ ಹಚ್ಚಿದ ಆ ಖಣವನ್ನಿಟ್ಟು ಒಬ್ಬೊಬ್ಬರಿಗೂ ಉಡಿ ತುಂಬಿದ್ದಳು. ಉಡಿಯನ್ನು ಯಾವ ಮುತ್ತೈದೆ ಬೇಡವೆಂದಾಳು? ಎಲ್ಲರೂ ಸೆರಗೊಡ್ಡಿ ಸ್ವೀಕರಿಸಿದರು. "ಈ ವಿದ್ಯಾ ಯಾವ ವಿಶ್ವವಿದ್ಯಾಲಯದಾಗ ಕಲ್ತೀರಿ?" ಎಂದು ಕಟ್ಟಿಯವರು ನಕ್ಕು ಮೆಚ್ಚಿಕೊಂಡಿದ್ದರು. ಆ ಮೆಚ್ಚುಗೆ ಈಗಲೂ ಅವಳ ಕಿವಿಯಲ್ಲಿತ್ತು.

ನೇಕಾರರ ಓಣಿಯಲ್ಲಿ ಮಗ್ಗಗಳು ಒಂದೇ ಸಮನೆ ಬಡಿಯುತ್ತಿದ್ದವು. ಶಂಕ್ರವ್ವನ ಮನೆಯ ಬಾಗಿಲು ತೆರೆದಿತ್ತು. ದಾಕ್ಷಾಯಣಿ ಹೊಸ್ತಿಲ ಮೇಲೆ ಕಾಲಿಟ್ಟವಳು ಅಲ್ಲಿಯೇ ನಿಂತುಬಿಟ್ಟಳು. ಒಳಗೆ ರಾಟೆಯ ಮುಂದೆ, ಹಳೆಯ ಹತ್ತಿಯ ಕುಬಸ ತೊಟ್ಟು, ಶಂಕ್ರವ್ವ ಕಂಡಿಕೆಗೆ ನೂಲು ಸುತ್ತುತ್ತಾ ಕುಳಿತಿದ್ದಳು.

"ಬರ್ರಿ ಬಾಯಾರ, ಬರ್ರಿ. ಯಾಕ, ದೆವ್ವ ಕಂಡಂಗ ನಿಂತ್ರಿ?"

"ನೀವು... ಕೆರೂರಾಗ ಇಲ್ಲೇನು?"

"ನಾ ಯಾಕ ಕೆರೂರಾಗ ಇರ್ಲಿ? ನಿಮ್ಮ ಮುಂದ ಕುಂತೇನಲ್ಲ!"

"ನಿಮ್ಮ ನಾಡಿ ಕೆರೂರಾಗ ಬಡಿಯಾಕತ್ತೈತಿ, ಶಂಕ್ರವ್ವ."

"ಅಯ್ಯ, ನಮ್ಮವ್ವ! ನನ್ನ ಬಿಟ್ಟು ಅದೊಂದ ಬಸ್ ಹತ್ತಿ ಹೋತೇನು?" ಎಂದು ನಗಹೊರಟವಳು ದಾಕ್ಷಾಯಣಿಯ ಮುಖ ನೋಡಿ ರಾಟೆ ನಿಲ್ಲಿಸಿದಳು. ಮಗ್ಗದ ಗುಣಿಯಲ್ಲಿ ಕುಳಿತಿದ್ದ ಗಂಡನ ಕೈಯೂ ನಿಂತಿತು.

"ಖಣ ಎಲ್ಲೈತಿ?"

ಶಂಕ್ರವ್ವ ನೆಲ ನೋಡಿದಳು. "ಸಿಟ್ಟಾಗಬ್ಯಾಡ್ರಿ ಬಾಯಾರ. ನನ್ನ ನೆಗೆಣ್ಣಿ ಗಂಗವ್ವ, ನಮ್ಮ ಮೈದುನನ ಹೆಂಡ್ತಿ, ಬಂದಿದ್ಳು, ಕೆರೂರಾಕಿ. ಮನಿಗೆ ಬಂದ ಮುತ್ತೈದೀನ ಬರೇ ಉಡೀಲೆ ಹೆಂಗ ಕಳಸೂದು? ಮಗ್ಗದ ಮ್ಯಾಲಿನ ಖಣ ಎಲ್ಲಾ ಸಾವಕಾರಂದು, ಒಂದೂ ನಮ್ಮದಲ್ಲ. ಪೆಟ್ಟಿಗ್ಯಾಗ ಇದ್ದಿದ್ದು ನೀವು ಉಡಿ ತುಂಬಿದ್ದೊಂದ. ಉಡಿ ತುಂಬಿದ ಖಣಾ ಮುಂದ ಉಡಿ ತುಂಬಾಕ ನಡೀತೈತಲ್ರಿ, ಎಲ್ಲಾರೂ ಮಾಡೂದ ಅದು."

"ಗಂಗವ್ವ ತೊಟ್ಟಾಳೇನು?"

"ಇಲ್ರಿ. ಆಕಿ ಮಗಳಿಗಂತ ಒಯ್ದಾಳ, ಕಸ್ತೂರಿಗೆ. ಏಳು ತಿಂಗಳ ಬಸುರಿ. ಇವತ್ತ ಆಕಿ ಕುಬಸದ ಕಾರ್ಯ, ಸೀಮಂತ." ಅವಳ ದನಿ ಸಣ್ಣಗಾಯಿತು. "ನಾನ ಹೇಳೀನ್ರಿ, ಇದು ಗುಣಾ ಮಾಡೂ ಖಣ, ಬಸುರಿ ತೊಟ್ಟರ ಕೂಸು ಗಟ್ಟಿ ಆಗ್ತೈತಿ, ಇದನ್ನ ಹೊಲಿಸು ಅಂತ. ನಂದೇನು, ಇವತ್ತೋ ನಾಳೆಯೋ. ಈ ಎದಿ ನೋವಿನ್ಯಾಗ ಕುಬಸಕ್ಕೂ ಹೋಗಾಕ ಆಗಲಿಲ್ಲ. ಖಣಾನರ ಹೋಗಲಿ ಅಂದೆ."

ದಾಕ್ಷಾಯಣಿಗೆ ಈಗ ಎಲ್ಲವೂ ಹೊಳೆಯಿತು. ಬಸುರಿಯ ಎದೆಯೂ ಬಿಸಿಯೇರುತ್ತದೆ. ಹಾಲಿನ ಸಿದ್ಧತೆಯಲ್ಲಿ ಅದರ ಕೋಶಗಳೂ ಅವಸರದಿಂದ ಒಡೆದು ಬೆಳೆಯುತ್ತವೆ. ಬೆಳೆಯುತ್ತಿರುವುದು ರೋಗವೋ ಜೀವವೋ ಎಂದು ವಿಚಾರಿಸುವ ಬುದ್ಧಿಯನ್ನು ಯಾರೂ ಆ ಬಟ್ಟೆಗೆ ನೇಯ್ದಿರಲಿಲ್ಲ. ಐವತ್ತು ದಾಟಿದವರಿಗೆಂದು ಮಾಡಿದ ಬಟ್ಟೆಗೆ ಅದು ಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಅವಳು ಮೊಬೈಲು ತೆಗೆದಳು. "ಮೌಲಾ, ಗದ್ದಲ ಅಂತ ಯಂತ್ರ ಸೋಸಿ ಒಗೀತಲ್ಲ, ಆ ಸಣ್ಣ ಅಲೆ. ಅದನ್ನೊಂದ ತಗದು ನೋಡು."

ಅತ್ತಣಿಂದ ಗುಂಡಿಗಳ ಸದ್ದು ಕೇಳಿಸಿತು. "ಅಕ್ಕಾರ, ಇದು ಗದ್ದಲಲ್ಲರಿ. ಇದಕ್ಕ ಲಯಾ ಐತಿ. ದೊಡ್ಡ ನಾಡಿಗಿಂತ ಭಾಳ ಜೋರ ಓಡಾಕತ್ತೈತಿ. ಏನ್ರಿ ಇದು?"

"ಕೂಸು" ಎಂದಳು ದಾಕ್ಷಾಯಣಿ.

ಗಂಗವ್ವನ ನಂಬರಿಗೆ ಫೋನು ಹೋಗುತ್ತಿತ್ತು, ಎತ್ತುವವರಿರಲಿಲ್ಲ. ದಾಕ್ಷಾಯಣಿ ಜೀಪಿನ ಕಡೆ ಓಡುವಷ್ಟರಲ್ಲಿ ಶಂಕ್ರವ್ವನೂ ಎದ್ದಿದ್ದಳು. "ಮನಿ ನಿಮಗೆಲ್ಲಿ ಗೊತ್ತಾಗಬೇಕು, ನಾ ಬರ್ತೀನಿ" ಎಂದವಳು ಗಂಡನ ಕಡೆ ತಿರುಗಿ, "ಮಗ್ಗದ ಮ್ಯಾಲಿನ ಖಣ ಕೊಯ್ಕೊಡ್ರಿ ಒಂದು" ಎಂದಳು.

"ಸಾವಕಾರ ಕೇಳಿದ್ರ?"

"ಕೇಳಲಿ. ನಾ ಒಮ್ಮೆ ಕೊಟ್ಟಿದ್ದನ್ನ ಬರೇ ಕೈಲೆ ಇಸಗೊಂಡು ಬರಾಕ ಬರೂದಿಲ್ಲ."

ಗಂಡ ಬ್ಲೇಡು ತೆಗೆದು, ನೇಯ್ದು ಮುಗಿದ ಭಾಗವನ್ನು ಹಾಸಿನಿಂದ ಕೊಯ್ದು ಹೆಂಡತಿಯ ಕೈಗಿತ್ತ.

ಜೀಪು ಕೆರೂರಿನ ದಾರಿ ಹಿಡಿದಾಗ ಬಿಸಿಲು ನೆತ್ತಿಗೇರುತ್ತಿತ್ತು. ಕಟ್ಟಿಯವರು ಫೋನಿನಲ್ಲಿ ಬಂದರು. ಪ್ರಕಟಣೆಯ ಉತ್ಸಾಹ ಅವರ ದನಿಯಿಂದ ಪೂರ್ತಿ ಇಳಿದುಹೋಗಿತ್ತು. "ದಾಕ್ಷಾಯಣಿ, ಕೇಳ್ರಿ. ಮೊದಲಿನ ಎರಡು ಪಟ್ಟೆ ಹೆಚ್ಚಿಗೆ ಏನೂ ಮಾಡಲಿಕ್ಕಿಲ್ಲ. ಮೂರನೇದು ತೆರೀತಂದ್ರ ಕಣ ರಕ್ತದಾಗ ಇಳದು ಕೂಸಿನ ತನಕಾ ಮುಟ್ಟತಾವ. ಹುಟ್ಟೋ ಕೂಸಿನ ಮೈ ಅಂದ್ರ ಎಲ್ಲಾ ಕಡೆನೂ ಅವಸರದ ಬೆಳವಣಿಗಿನ. ಆ ಕಣಕ್ಕ ಅದೂ ಗಂಟು, ಇದೂ ಗಂಟು."

"ಮೂರನೇದು ಎಷ್ಟು ಹೊತ್ತಿಗೆ ತೆರೀಬಹುದು, ಸರ್?"

"ಹೊತ್ತಲ್ಲ, ಬಿಸಿ. ಮೈ ಬಿಸಿ ಏರಿದ್ಹಂಗ. ಕುಬಸ ತಗಸ್ರಿ, ಇಲ್ಲಾ ಮೈ ತಂಪ ಇಡ್ರಿ. ಏನರ ಮಾಡ್ರಿ, ತಂಪ ಇಡ್ರಿ."

ನಡುವೆ ಕುರಿಯ ಹಿಂಡೊಂದು ರಸ್ತೆ ತುಂಬಿಕೊಂಡಿತು. ಚಾಲಕ ಹಾರ್ನು ಒತ್ತಿದಷ್ಟೂ ಕುರಿಗಳು ಒತ್ತೊತ್ತಿ ನಿಂತವು. ದಾಕ್ಷಾಯಣಿ ಇಳಿದು, ಸೆರಗು ಸಿಕ್ಕಿಸಿ, ತಾನೇ ಅವನ್ನು ಅಟ್ಟತೊಡಗಿದಳು. ಕುರುಬನು ಬೆರಗಾಗಿ ನೋಡುತ್ತಾ ನಿಂತ. ಅವಳ ಮೊಬೈಲಿನಲ್ಲಿ ಮೌಲಾಸಾಬನ ದನಿ ಬಿಟ್ಟು ಬಿಟ್ಟು ಬರುತ್ತಿತ್ತು: "ಏರಾಕತ್ತೈತ್ರಿ ಅಕ್ಕಾರ... ಇನ್ನೊಂದೀಟು ಏರ್ತು..."

ಚಪ್ಪರ ದೂರದಿಂದಲೇ ಕಂಡಿತು. ಧ್ವನಿವರ್ಧಕವಂತೂ ಅದಕ್ಕಿಂತ ಮೊದಲೇ ಕೇಳಿಸಿತ್ತು. ಫೋನು ಯಾಕೆ ಎತ್ತಲಿಲ್ಲವೆಂಬುದು ತಾನಾಗಿ ತಿಳಿಯಿತು. ತಗಡಿನ ಚಪ್ಪರದಡಿಯಲ್ಲಿ, ಹೆಂಗಸರ ಗುಂಪಿನ ನಡುವೆ, ಹೂವಿನ ಕುರ್ಚಿಯಲ್ಲಿ ಕಸ್ತೂರಿ ಕುಳಿತಿದ್ದಳು. ಹಸಿರು ಸೀರೆ, ಕೈತುಂಬ ಬಳೆ, ಬೆವರಿನಿಂದ ತೊಯ್ದ ಹಣೆ. ಎದೆಯ ಮೇಲೆ ಖಣದ ಕುಬಸ. ಅದರ ಎರಡು ಪಟ್ಟೆಗಳು ಬೂದಿಯಾಗಿದ್ದವು. ಮೂರನೆಯದು ಇನ್ನೂ ಹಸಿರಿತ್ತು.

"ಗಂಗವ್ವ, ಆ ಕುಬಸ ತಗಸ್ರಿ! ಈಗಿಂದೀಗ!"

ಹಾಡು ನಿಂತಿತು. ಕಸ್ತೂರಿಯ ಅತ್ತೆ ಆರತಿಯ ತಟ್ಟೆ ಹಿಡಿದವಳು ತಿರುಗಿ ನೋಡಿದಳು. "ಯಾರ ನೀ? ಕುಬಸದ ದಿನ ಬಸುರಿ ಮೈಮ್ಯಾಲಿನ ಕುಬಸ ತಗಿ ಅಂತೀಯಲ್ಲ, ಬಾಯಾಗ ಇರೂದು ನಾಲಿಗ್ಯೋ ಕೆರವೋ?"

"ಅದು ಔಷಧದ ಬಟ್ಟಿರಿ. ಅದರಾಗ ಸತುವಿನ ಕಣ ಅದಾವು, ಮೈ ಬಿಸಿಯಾದ್ರ..." ದಾಕ್ಷಾಯಣಿಗೆ ತನ್ನ ಮಾತು ತನಗೇ ಹುಚ್ಚಿಯ ಮಾತಿನಂತೆ ಕೇಳಿಸಿತು. ವರ್ಷಗಟ್ಟಲೆ ಓದಿದ್ದನ್ನು ಒಂದು ಉಸಿರಿನಲ್ಲಿ ಯಾರಿಗೆ ತಿಳಿಸುವುದು?

"ಹೊರಗ ಹಾಕ್ರೇ ಈಕೀನ!" ಎಂದು ಯಾರೋ ಕೂಗಿದರು. ಅತ್ತೆ ಅಪಶಕುನವನ್ನು ಕಳೆಯುವವಳಂತೆ ಆರತಿಯನ್ನು ಸೊಸೆಯ ಎದೆಯ ಹತ್ತಿರಕ್ಕೇ ಒಯ್ದು ಬೆಳಗತೊಡಗಿದಳು. ದೀಪದ ಝಳ ಮುಟ್ಟುತ್ತಿದ್ದಂತೆ ಮೂರನೆಯ ಪಟ್ಟೆಯ ತುದಿ ಮಸುಕಾಯಿತು. ಆ ಮಸುಕು, ಕಾಗದಕ್ಕೆ ಹತ್ತಿದ ಬೆಂಕಿಯಂತೆ, ಹಸಿರನ್ನು ತಿನ್ನುತ್ತಾ ಒಳಕ್ಕೆ ಸರಿಯಿತು. ಅದನ್ನು ಕಂಡವಳು ದಾಕ್ಷಾಯಣಿ ಒಬ್ಬಳೇ.

ಚಪ್ಪರದ ಕಂಬದ ಬಳಿ, ಬಂದವರಿಗೆ ಕುಡಿಯಲೆಂದು ತುಂಬಿಟ್ಟ ಮಣ್ಣಿನ ಕೊಡವಿತ್ತು. ಅವಳು ಅದನ್ನು ಎರಡೂ ಕೈಗಳಿಂದ ಎತ್ತಿ, ಗುಂಪನ್ನು ಸೀಳಿಕೊಂಡು ಹೋಗಿ, ಆರತಿ, ಹೂವು, ಬಸುರಿ ಎಲ್ಲವೂ ತೊಯ್ಯುವಂತೆ ಕಸ್ತೂರಿಯ ಕೊರಳಿನಿಂದ ಕೆಳಗೆ ಸುರಿದುಬಿಟ್ಟಳು.

ದೀಪಗಳು ಚುಂಯ್ ಎಂದು ಆರಿದವು. ಆಮೇಲೆ ಗಂಗವ್ವನ ಕೈ ದಾಕ್ಷಾಯಣಿಯ ಕೆನ್ನೆಯ ಮೇಲೆ ಬಿತ್ತು. ಇನ್ನೊಂದು ಏಟಿಗೆ ಎತ್ತಿದ ಕೈಯನ್ನು ಹಿಡಿದವಳು ಶಂಕ್ರವ್ವ.

"ನೆಗೆಣ್ಣಿ, ಆಮ್ಯಾಲ ಹೊಡೀವಂತಿ, ನನ್ನೂ ಹೊಡಿ. ಮದಲ ಕಸ್ತೂರೀನ ಒಳಗ ಕರಕೊಂಡು ನಡಿ. ಬಸುರೀನ ಹಸಿ ಅರಿವೀಲೆ ಕುಂಡ್ರಸ್ತೀಯೇನು? ನೆಗಡಿ ಆತಂದ್ರ?"

ಹೆಂಗಸರು ಕಸ್ತೂರಿಯನ್ನು ಸುತ್ತುವರಿದು ಒಳಕೋಣೆಗೆ ಒಯ್ದರು. ಬಾಗಿಲು ಮುಚ್ಚಿತು. ದಾಕ್ಷಾಯಣಿ ಬರಿಗೊಡವನ್ನು ಹಿಡಿದು ಹೊರಗೆ ನಿಂತಳು. ಬೈಗುಳಗಳು ಅವಳ ಸುತ್ತ ಬೀಳುತ್ತಿದ್ದವು; ಅವಳಿಗೆ ಕೇಳಿಸಿದ್ದು ಕಿವಿಗೆ ಒತ್ತಿಕೊಂಡ ಮೊಬೈಲು ಮಾತ್ರ.

"ಅಕ್ಕಾರ!" ಮೌಲಾಸಾಬನ ದನಿ ಒಡೆದಿತ್ತು. "ನಿಂತ್ವು ಅಕ್ಕಾರ. ಎರಡೂ ನಾಡಿ ನಿಂತ್ವು!"

ಕೊಡ ಕೈಜಾರಿ ಚೂರಾಯಿತು. ಆಗ ಬಾಗಿಲು ಕಿರುಗುಟ್ಟಿ, ಹಿಂಡಿ ಮುದ್ದೆ ಮಾಡಿದ ಒದ್ದೆ ಕುಬಸವನ್ನು ಶಂಕ್ರವ್ವ ಹೊರಗೆ ಹಿಡಿದಳು. ಅವಳ ಹಿಂದಿನಿಂದ, ಯಾರದೋ ಒಣ ರವಿಕೆಯ ಗುಂಡಿ ಹಾಕಿಕೊಳ್ಳುತ್ತಿದ್ದ ಕಸ್ತೂರಿಯ ಸಿಟ್ಟಿನ ದನಿ ಕೇಳಿಸಿತು: "ಯಾರವ್ವಾ ಆಕಿ, ಈ ಪರಿ ನೀರ ಹಾಕಿದಾಕಿ? ಒಳಗಿಂದೂ ಬೆದರಿ ಒದಿಯಾಕತ್ತೈತಿ ನೋಡು!"

ದಾಕ್ಷಾಯಣಿ ಬಟ್ಟೆಯನ್ನು ಬಿಡಿಸಿದಳು. ಮೂರನೆಯ ಪಟ್ಟೆಯ ತುದಿಯಲ್ಲಿ ಒಂದು ಬೆರಳಗಲದಷ್ಟು ಬೂದಿ, ಉಳಿದದ್ದೆಲ್ಲ ಹಸಿರು. ನಾಡಿಗಳು ನಿಂತಿರಲಿಲ್ಲ, ಬಟ್ಟೆಯಷ್ಟೇ ಮೈಬಿಟ್ಟಿತ್ತು. ಅವಳು ನೆಲದ ಮೇಲೆ, ಕೊಡದ ಚೂರುಗಳ ನಡುವೆಯೇ, ಕುಳಿತುಬಿಟ್ಟಳು.

ಅದೇ ಸಂಜೆ ಬಾದಾಮಿಯ ಆಸ್ಪತ್ರೆಯ ವೈದ್ಯೆ ಕಸ್ತೂರಿಯ ಹೊಟ್ಟೆಯ ಮೇಲೆ ಯಂತ್ರವನ್ನಿಟ್ಟಾಗ ಆ ಚುರುಕು ಲಯ ಕೋಣೆ ತುಂಬ ಕೇಳಿಸಿತು. ಹೆರಿಗೆಯಾಗುವವರೆಗೆ ವಾರ ವಾರವೂ ತೋರಿಸಬೇಕು, ಎರಡು ಪಟ್ಟೆಗಳ ವಿಚಾರವಾಗಿ ಈಗಲೇ ಖಂಡಿತ ಹೇಳಲಾಗದು ಎಂದರು ವೈದ್ಯೆ. ಗಂಗವ್ವ ಕ್ಷಮೆ ಕೇಳಲಿಲ್ಲ. ದಾಕ್ಷಾಯಣಿಯ ಕೆಂಪಾದ ಕೆನ್ನೆಯನ್ನು ಒಮ್ಮೆ ನೋಡಿ, ಚಹದ ಲೋಟವನ್ನು ಅವಳ ಕಡೆ ಸರಿಸಿದಳು. ಶಂಕ್ರವ್ವ ಮಗ್ಗದಿಂದ ಕೊಯ್ದು ತಂದ ಖಣದಿಂದ ಕಸ್ತೂರಿಗೆ ಮತ್ತೆ ಉಡಿ ತುಂಬಿದಳು. ಕಸ್ತೂರಿ ಒಣಗಿದ ಆ ಪಟ್ಟೆಯ ಕುಬಸವನ್ನು ಅವಳ ಮಡಿಲಿಗೆ ಹಾಕಿ, "ದೊಡ್ಡವ್ವ, ನಿನ್ನ ಔಷಧ ನೀ ತಗೋ. ಇದನ್ನರ ಯಾರಿಗೂ ಕೊಡಬ್ಯಾಡ ಮಾರಾಯ್ತಿ. ನನ್ನ ಕೂಸಿನ ಆಡಸಾಕ ನೀ ಇರಬೇಕು" ಎಂದಳು. ಶಂಕ್ರವ್ವ ಮೊದಲ ಬಾರಿಗೆ ಕಣ್ಣೊರೆಸಿಕೊಂಡಳು.

ಮರುದಿನ ಬೆಳಿಗ್ಗೆ ನಿಯಂತ್ರಣ ಕೋಣೆಯಲ್ಲಿ ಶಂಕ್ರವ್ವನ ಪರದೆಗೆ ಅವಳದೇ ನಿಧಾನದ ನಾಡಿ ಬಂದಿತ್ತು, ಗುಳೇದಗುಡ್ಡದ ಟವರಿನಿಂದಲೇ. ಅಳತೆ ಬದಲಿಸಿ ಹೊಲಿಸಿದ ಕುಬಸ ಅವಳ ಮೈಮೇಲಿತ್ತು. ಮೂರನೆಯ ಪಟ್ಟೆ ತೆರೆಯಲು ಅಣಿಯಾಗುತ್ತಿತ್ತು.

"ದೇವರು ದೊಡ್ಡಾವ" ಎಂದರು ಕಟ್ಟಿಯವರು, ಪ್ರಕಟಣೆಯ ಕಾಗದಗಳನ್ನು ಜೋಡಿಸುತ್ತಾ. "ಉಳಿದ ಒಂಬತ್ತೂ ಹಸಿರ ಅದಾವ. ಅವರಿಗೆ ಗುಣಾ ಆಗೇದಂತ ಬರೀಲಿಕ್ಕೆ ಅಡ್ಡಿ ಇಲ್ಲಲ್ಲ?"

ದಾಕ್ಷಾಯಣಿ ಆ ಒಂಬತ್ತು ಹಸಿರು ಪರದೆಗಳನ್ನು ಒಂದೊಂದಾಗಿ ನೋಡಿದಳು. ರೋಗ ವಾಸಿಯಾದವಳ ಮೈ ಪರದೆಯ ಮೇಲೆ ಹಸಿರಾಗಿ ಕಾಣುತ್ತದೆ. ಎಂದೂ ರೋಗ ಬಾರದವಳ ಮೈಯೂ ಹಸಿರಾಗಿಯೇ ಕಾಣುತ್ತದೆ.

"ಮೌಲಾ, ಇವು ಯಾವ್ಯಾವ ಟವರಿಂದ ಬರಾಕತ್ತಾವು ಹೇಳು."

ಮೌಲಾಸಾಬ ಗುಂಡಿಗಳನ್ನೊತ್ತಿದ. ಇಳಕಲ್ಲು ಬಂತು, ಹುನಗುಂದ ಬಂತು, ಅಮೀನಗಡ ಬಂತು. ಒಂದು ವಿಜಯಪುರದಿಂದ. ಇನ್ನೊಂದು ಸೊಲ್ಲಾಪುರದಿಂದ. ಗುಳೇದಗುಡ್ಡದ್ದು ಒಂದೂ ಇರಲಿಲ್ಲ.

"ಸರ್" ಎಂದಳು ದಾಕ್ಷಾಯಣಿ, "ಒಂಬತ್ತು ಮಂದಿ ಗುಣಾ ಆಗ್ಯಾರೋ, ಒಂಬತ್ತು ಖಣ ಊರ ಬಿಟ್ಟಾವೋ, ಹೋಗಿ ನೋಡಿದ ಮ್ಯಾಲ ಹೇಳ್ತೀನ್ರಿ."

ಕಟ್ಟಿಯವರು ಕೈಯಲ್ಲಿದ್ದ ಕಾಗದಗಳನ್ನು ಮೆಲ್ಲನೆ ಮೇಜಿನ ಮೇಲೆ ಬೋರಲು ಹಾಕಿದರು.

ಅವಳು ಚೀಲ ಕಟ್ಟಿದಳು. ನಾಡಿ ಅಳೆಯುವ ಯಂತ್ರ, ಎರಡು ಸೀರೆ, ಅರಿಶಿನ ಕುಂಕುಮದ ಭರಣಿ, ಮೇಲೆ ಶಂಕ್ರವ್ವನ ಗಂಡ ನೇಯ್ದ ಔಷಧವಿಲ್ಲದ ಒಂಬತ್ತು ಬರಿಯ ಖಣಗಳು. ಸಾವಕಾರನಿಗೆ ಈ ಸಲ ಕಟ್ಟಿಯವರೇ ಮಾತಾಡಿದ್ದರು. ಉಡಿಯಲ್ಲಿ ಹೋದದ್ದು ಉಡಿ ತುಂಬದೆ ಹಿಂತಿರುಗಿ ಬಾರದೆಂಬುದನ್ನು ಅವಳು ಕಲಿತಿದ್ದಳು. ಕಥೆಗಾರನೂ ಅವಳ ಹಿಂದೆಯೇ ತನ್ನ ಜೋಳಿಗೆಯನ್ನು ಹೆಗಲಿಗೇರಿಸಿದನು. ಕಥೆ ಊರು ಬಿಟ್ಟ ಮೇಲೆ ಅವನಿಗೆ ಊರಿನಲ್ಲೇನು ಕೆಲಸ?

ಬಸ್ ನಿಲ್ದಾಣದಲ್ಲಿ ಲಗ್ನದ ಕಾಲದ ನೂಕುನುಗ್ಗಲು. ಎಲ್ಲಿ ನೋಡಿದರೂ ಹೆಂಗಸರು, ಎಲ್ಲರ ಮೈಮೇಲೂ ಖಣ. ಹಸಿರು ಪಟ್ಟೆಯವು ಎಷ್ಟೋ! ದಾಕ್ಷಾಯಣಿ ಹತ್ತಿ ಕುಳಿತ ಹುನಗುಂದದ ಬಸ್ಸು ಗುರುಗುಟ್ಟಿ ಹೊರಟಿತು. ಮುಂದೆ ನಿಂತಿದ್ದ ಹೆಣ್ಣುಮಗಳೊಬ್ಬಳು, ಸೊಂಟದ ಮೇಲೆ ಎಳೆಕೂಸು, ಆಯ ತಪ್ಪದಿರಲೆಂದು ತೋಳೆತ್ತಿ ಕಂಬಿ ಹಿಡಿದಳು. ಅವಳ ಎದೆಯ ಮೇಲೆ ಮೂರು ಹಸಿರು ಪಟ್ಟೆ; ಕೊರಳ ಗುಂಡಿ ಬಿಸಿಲಿಗೆ ಮಿಣುಕಿತು.

ದಾಕ್ಷಾಯಣಿ ಚೀಲದಿಂದ ಕುಂಕುಮದ ಭರಣಿ ತೆಗೆದು, ಸೀಟು ಬಿಟ್ಟು ಎದ್ದಳು.